ಇಲ್ಲದ ಚೆಂಡಿಗೆ ಗುರಿ

ಪೂಲ್ ಟೇಬಲ್ಲಿನ ಮುಂದೆ ನಿಂತವರಿಗೆ ಯಾವ ಅವಸರವೂ ಇಲ್ಲ. ಕ್ರಿಕೆಟ್ಟಿನಲ್ಲಿ ಚೆಂಡು ಮೈಮೇಲೆ ನುಗ್ಗಿ ಬರುತ್ತದೆ. ಬ್ಯಾಡ್ಮಿಂಟನ್ನಿನಲ್ಲಿ ಶಟಲ್ ನೆಲ ಮುಟ್ಟುವುದರೊಳಗೆ ಓಡಿ ತಲುಪಬೇಕು. ಕಬಡ್ಡಿಯಲ್ಲಿ ಉಸಿರು ತೀರುವುದರೊಳಗೆ ಗೆರೆ ಮುಟ್ಟಬೇಕು. ಇಲ್ಲಿ ಬಿಳಿ ಚೆಂಡು ನಿಂತಿದೆ, ಹೊಡೆಯಬೇಕಾದ ಬಣ್ಣದ ಚೆಂಡೂ ನಿಂತಿದೆ, ಪಾಕೆಟ್ಟಂತೂ ಇದ್ದಲ್ಲೇ ಇದೆ. ಎದುರಾಳಿ ಕುರ್ಚಿಯಲ್ಲಿ ಕೂತಿದ್ದಾನೆ. ನಮ್ಮ ಸರದಿ ಮುಗಿಯುವವರೆಗೆ ಅವನು ಏಳುವಂತಿಲ್ಲ. ಗಾಳಿಯಿಲ್ಲ, ಬಿಸಿಲಿಲ್ಲ, ನೆಲದ ಉಬ್ಬುತಗ್ಗಿಲ್ಲ. ಇಷ್ಟೆಲ್ಲ ಅನುಕೂಲವಿದ್ದೂ ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ಹೊರಗೇ ಉಳಿಯುತ್ತದೆ. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಈ ಕಾರಣಕ್ಕೇ. ಎಲ್ಲವೂ ಸುಮ್ಮನೆ ನಿಂತು ಕಾಯುತ್ತಿರುವಾಗಲೂ ಗುರಿ ತಪ್ಪುತ್ತದೆಯೆಂದರೆ ಆ ಕಷ್ಟ ಶುದ್ಧವಾಗಿ ಗುರಿಯದ್ದೇ. ಅದನ್ನು ಬಿಡಿಸಿ ನೋಡಲು, ನಿಧಾನವಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ನಮ್ಮ ಮನೆಗಳಲ್ಲಿ ಗುರಿಯ ಮೊದಲ ಪಾಠ ನಡೆಯುವುದು ಕೇರಂ ಬೋರ್ಡಿನ ಮೇಲೆ. ಬೇಸಿಗೆ ರಜೆ, ಪೌಡರ್ ಉದುರಿಸಿದ ಹಲಗೆ, ಸುತ್ತ ನಾಲ್ಕು ಜನ. ಸ್ಟ್ರೈಕರ್ ಕಾಯಿನ್ನಿನ ಯಾವ ಅಂಚಿಗೆ ತಾಗಿದರೆ ಅದು ಯಾವ ಕಡೆ ಹೋಗುತ್ತದೆ ಎಂಬುದು ಯಾರೂ ಹೇಳಿಕೊಡದೆ ಬೆರಳಿಗೆ ಬಂದುಬಿಡುತ್ತದೆ. ಆ ಅಂದಾಜು ಪೂಲ್ ಟೇಬಲ್ಲಿಗೂ ಜೊತೆಯಲ್ಲಿ ಬರುತ್ತದೆ, ಬಹಳ ನೆರವಾಗುತ್ತದೆ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೇರಂನಲ್ಲಿ ಆಟಗಾರ ಕೂತ ಜಾಗ ಬಿಟ್ಟು ಏಳುವುದಿಲ್ಲ. ಬೇಸ್‌ಲೈನ್ ಮೇಲೆ ಸ್ಟ್ರೈಕರನ್ನೇ ಅತ್ತಿತ್ತ ಸರಿಸಿ ತನಗೆ ಬೇಕಾದ ಕೋನ ಮಾಡಿಕೊಳ್ಳುತ್ತಾನೆ. ಪೂಲ್‌ನಲ್ಲಿ ಬಿಳಿ ಚೆಂಡು ಹಿಂದಿನ ಹೊಡೆತದಲ್ಲಿ ಎಲ್ಲಿ ನಿಂತಿತೋ ಅಲ್ಲೇ ಇರುತ್ತದೆ. ಎದುರಾಳಿ ಫೌಲ್ ಮಾಡದ ಹೊರತು ಅದನ್ನು ಮುಟ್ಟುವಂತಿಲ್ಲ, ಸರಿಸುವಂತಿಲ್ಲ. ಸರಿಯಬೇಕಾದವರು ನಾವು. ಗುರಿಗಾಗಿ ಇಡೀ ಮೈಯನ್ನು ಹೊತ್ತು ಟೇಬಲ್ ಸುತ್ತ ನಡೆಯಬೇಕು. ಪೂಲ್ ಕಲಿಯುವುದೆಂದರೆ ಈ ನಡಿಗೆಯನ್ನು ಕಲಿಯುವುದು ಎಂದು ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇದನ್ನು ನನಗೆ ತೋರಿಸಿಕೊಟ್ಟವರು ಬೆಂಗಳೂರಿನ ಒಂದು ಮಹಡಿ ಮೇಲಿನ ಪೂಲ್ ಹಾಲ್‌ನಲ್ಲಿದ್ದ ಹಿರಿಯರು. ಹುಡುಗರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಿಂದೆ ದಂಡು ಪ್ರದೇಶದ ಒಂದು ಹಳೆಯ ಕ್ಲಬ್ಬಿನಲ್ಲಿ ಬಹಳ ವರ್ಷ ಮಾರ್ಕರ್ ಆಗಿದ್ದವರು. ಕ್ಲಬ್ಬುಗಳ ಮಾರ್ಕರ್‌ಗಳ ಬಗ್ಗೆ ನಾವು ಬರೆದದ್ದು ಕಡಿಮೆ. ಬೋರ್ಡಿನ ಮೇಲೆ ಅಂಕ ಬರೆಯುವುದು, ಚೆಂಡು ಒರೆಸಿ ಜೋಡಿಸುವುದು, ಸ್ನೂಕರ್ ಟೇಬಲ್ಲಿನ ಉಣ್ಣೆ ಬಟ್ಟೆಗೆ ಅದರ ಎಳೆ ಒರಗಿದ ದಿಕ್ಕಿನಲ್ಲೇ ಇಸ್ತ್ರಿ ಹಾಕುವುದು, ಜೊತೆಗಾರರಿಲ್ಲದೆ ಬಂದ ಸದಸ್ಯರ ಜೊತೆ ಆಡುವುದು, ಎಲ್ಲವೂ ಅವರದೇ ಕೆಲಸ. ಸಾವಿರಾರು ಹೊಡೆತಗಳನ್ನು ಪಕ್ಕದಲ್ಲಿ ನಿಂತು ನೋಡಿ ನೋಡಿ ಅವರಿಗೆ ಒಂದು ಕಣ್ಣು ಬಂದಿರುತ್ತದೆ. ಆಟಗಾರ ಬಗ್ಗಿದ ರೀತಿ ನೋಡಿಯೇ, ಕೋಲು ಮುಂದೆ ಬರುವ ಮೊದಲೇ, ಚೆಂಡು ಬೀಳುತ್ತದೋ ಇಲ್ಲವೋ ಹೇಳಬಲ್ಲರು. ನಮ್ಮ ಮೇಷ್ಟ್ರು ಅಂಥವರು.

ಮಗನ ಜೊತೆ ಅಲ್ಲಿಗೆ ಹೋದವಳು ನಾನು. ಅವನು ಗೆಳೆಯರ ಜೊತೆ ಆಟ ಶುರುಮಾಡಿದ. ನಾನು ಖಾಲಿ ಟೇಬಲ್ಲಿನ ಹತ್ತಿರ ನಿಂತು ಕ್ಯೂ ಕೋಲನ್ನು ಕೈಗೆತ್ತಿಕೊಂಡೆ. ಮೇಷ್ಟ್ರು ಬಂದರು.

"ಕೋಲು ಆಮೇಲಮ್ಮ. ಮೊದಲು ನಡೀರಿ."

"ಎಲ್ಲಿಗೆ ಮೇಷ್ಟ್ರೇ?"

"ಟೇಬಲ್ ಸುತ್ತ. ಪಾಕೆಟ್ ಹಿಂದೆ ನಿಂತು ಬಾಲ್ ನೋಡಿ. ಬಾಲ್ ಹಿಂದೆ ಬಂದು ಪಾಕೆಟ್ ನೋಡಿ. ಎರಡೂ ಕಡೆಯಿಂದ ಗೆರೆ ಒಂದೇ ಕಾಣಬೇಕು."

ನಡೆದೆ. ಪಾಕೆಟ್ಟಿನ ಕಡೆಯಿಂದ ನೋಡಿದಾಗ ಚೆಂಡಿನ ಒಂದು ಮುಖ ಕಾಣುತ್ತದೆ. ಹಿಂದಿನಿಂದ ನೋಡಿದಾಗ ಇನ್ನೊಂದು. ಆ ಎರಡನ್ನೂ ಹಾದುಹೋಗುವ ಗೆರೆಯೇ ಚೆಂಡು ಉರುಳಬೇಕಾದ ದಾರಿ. ಮೇಷ್ಟ್ರು ಇನ್ನೊಂದು ಚೆಂಡನ್ನು ತಂದು, ಬಣ್ಣದ ಚೆಂಡಿನ ಬೆನ್ನಿಗೆ ತಾಗುವ ಹಾಗೆ, ಪಾಕೆಟ್ಟಿನ ನೇರಕ್ಕೆ ಸರಿಯಾಗಿ ಇಟ್ಟರು.

"ಬಿಳಿ ಬಾಲ್ ಇಲ್ಲಿಗೆ ಬಂದು ನಿಂತರೆ ಮುಗೀತು. ಮಿಕ್ಕಿದ್ದು ಅದೇ ನೋಡ್ಕೊಳ್ಳತ್ತೆ." ಹಾಗೆಂದು ಇಟ್ಟ ಚೆಂಡನ್ನು ಎತ್ತಿಕೊಂಡರು. "ಈಗ ಅಲ್ಲಿಗೇ ಹೊಡೀರಿ."

"ಅಲ್ಲೀಗ ಏನೂ ಇಲ್ಲವಲ್ಲ ಮೇಷ್ಟ್ರೇ."

"ಅದಕ್ಕೇ ಕಷ್ಟ ಅಮ್ಮ."

ಲೋಕದ ಆಟಗಾರರೆಲ್ಲ ಇದನ್ನು ಗೋಸ್ಟ್ ಬಾಲ್ ಎನ್ನುತ್ತಾರೆ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಬಿಳಿಯದೂ ಬಣ್ಣದ್ದೂ ಒಂದೇ ಅಳತೆ. ಆದ್ದರಿಂದ ಎರಡು ಚೆಂಡು ತಾಗುವ ಗಳಿಗೆಯಲ್ಲಿ ಅವುಗಳ ನಡುಬಿಂದುಗಳ ದೂರವೂ ಅಷ್ಟೇ, 57 ಮಿಲಿಮೀಟರ್ ಚಿಲ್ಲರೆ. ಪಾಕೆಟ್ಟಿನಿಂದ ಬಣ್ಣದ ಚೆಂಡಿನ ಮೂಲಕ ಎಳೆದ ಗೆರೆಯ ಮೇಲೆ, ಅಷ್ಟು ಹಿಂದಕ್ಕೆ ಬಿಳಿ ಚೆಂಡಿನ ನಡುಬಿಂದು ಬರಬೇಕು. ಬಟ್ಟೆಯ ಮೇಲೆ ಆ ಜಾಗ ಖಾಲಿ. ಅಲ್ಲೊಂದು ಚೆಂಡಿದೆ ಎಂದು ಮನಸ್ಸಿನಲ್ಲಿ ಕಂಡುಕೊಂಡು ಅದಕ್ಕೇ ಗುರಿಯಿಡಬೇಕು.

ಕಣ್ಣಿಗೆ ಕಾಣುವ ಬಣ್ಣದ ಚೆಂಡಿನ ಮೇಲೆ, ತಾಗಬೇಕಾದ ಬಿಂದುವಿಗೇ ನೇರವಾಗಿ ಗುರಿಯಿಟ್ಟರೆ ಏನಾಗುತ್ತದೆ? ಹೊಸದಾಗಿ ಕಲಿಯುವವರೆಲ್ಲ ಮೊದಲು ಹಾಗೇ ಮಾಡುತ್ತಾರೆ, ಸಹಜವಾದದ್ದೂ ಅದೇ. ಆದರೆ ಬಿಳಿ ಚೆಂಡು ಒಂದು ಬಿಂದುವಲ್ಲ. ಅದರ ನಡುಭಾಗ ಆ ಬಿಂದುವಿನ ಕಡೆ ಹೊರಟರೂ, ನಡುಭಾಗ ತಲುಪುವ ಮೊದಲೇ ಅದರ ಪಕ್ಕೆ ಹೋಗಿ ಬೇರೆಡೆ ತಾಗಿರುತ್ತದೆ. ಪೆಟ್ಟು ಬೇಕಾದ್ದಕ್ಕಿಂತ ದಪ್ಪ, ಅಂದರೆ ಚೆಂಡಿನ ನಡುವಿಗೆ ಹತ್ತಿರವಾಗಿ, ಬೀಳುತ್ತದೆ. ಲೆಕ್ಕ ಹಾಕಿದರೆ, 30 ಡಿಗ್ರಿ ತಿರುಗಬೇಕಾದ ಚೆಂಡು ಸುಮಾರು 15 ಡಿಗ್ರಿ ಮಾತ್ರ ತಿರುಗುತ್ತದೆ, ಪಾಕೆಟ್ಟನ್ನು ಬಿಟ್ಟು ಟೇಬಲ್ಲಿನ ಅಂಚಿನ ಕುಶನ್ನಿಗೆ ಹೋಗಿ ಬಡಿಯುತ್ತದೆ. ಕೇರಂನಿಂದ ಬಂದವರಿಗೆ ಇದು ಇನ್ನಷ್ಟು ಕಾಡುತ್ತದೆ. ಅಲ್ಲಿ ಸ್ಟ್ರೈಕರ್ ಕಾಯಿನ್ನಿಗಿಂತ ದೊಡ್ಡದು, ತೂಕದಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು. ಹಳೆಯ ಅಂದಾಜಿನ ಅಳತೆಗಳನ್ನು ಪೂಲ್ ಟೇಬಲ್ಲಿನ ಮೇಲೆ ಮತ್ತೆ ಹೊಸದಾಗಿ ಹೊಂದಿಸಿಕೊಳ್ಳಬೇಕು.

ಮೇಷ್ಟ್ರು ಹೇಳಿದಂತೆ ನಾನು ಹಳೆಯ ಕ್ಯಾಲೆಂಡರ್ ಹಾಳೆಯಿಂದ ಚೆಂಡಿನ ಅಗಲದ ಒಂದು ವೃತ್ತ ಕತ್ತರಿಸಿ, ನಡುವಿಗೆ ಪೆನ್ನಿನಿಂದ ಚುಕ್ಕಿಯಿಟ್ಟು ಪರ್ಸಿನಲ್ಲಿ ಇಟ್ಟುಕೊಂಡೆ. ಅಭ್ಯಾಸ ಮಾಡುವಾಗ ಅದನ್ನು ಬಣ್ಣದ ಚೆಂಡಿನ ಬೆನ್ನಿಗೆ ಹಾಸಿ, ಚುಕ್ಕಿಯನ್ನು ದಾಟಿಸಿ ಬಿಳಿ ಚೆಂಡನ್ನು ಕಳಿಸುವುದು. ಆಮೇಲೆ ಕಾಗದ ತೆಗೆದು ಅದೇ ಹೊಡೆತ. ಕಾಗದ ಇದ್ದಾಗ ಕಂಡದ್ದನ್ನು ಇಲ್ಲದಾಗಲೂ ಕಾಣುವುದಕ್ಕೆ ಕಣ್ಣು ನಿಧಾನವಾಗಿ ಒಗ್ಗಿತು. ಈಗಿಲ್ಲದ, ಇನ್ನೊಂದು ಗಳಿಗೆಯಲ್ಲಿ ಬರಲಿರುವ ಸ್ಥಿತಿಯನ್ನು ಈಗಲೇ ನಿಚ್ಚಳವಾಗಿ ಕಾಣುವ ಈ ಅಭ್ಯಾಸದಲ್ಲಿ ನನಗೆ ಸಿಕ್ಕಿದ ಸಂತೋಷ ಬೇರೆ ಕಡೆ ಸಿಕ್ಕಿಲ್ಲ.

ಇನ್ನೊಂದು ದಾರಿಯೂ ಇದೆ, ಸ್ನೂಕರ್ ಆಡಿದವರು ಹೆಚ್ಚಾಗಿ ಅದನ್ನೇ ಹೇಳಿಕೊಡುತ್ತಾರೆ. ಬಿಳಿ ಚೆಂಡು ಬಣ್ಣದ ಚೆಂಡನ್ನು ಎಷ್ಟು ಮುಚ್ಚುತ್ತದೆ ಎಂದು ನೋಡುವುದು. ಪೂರ್ತಿ ಮುಚ್ಚಿದರೆ ಫುಲ್ ಬಾಲ್, ಚೆಂಡು ನೇರ ಹೋಗುತ್ತದೆ. ಮುಕ್ಕಾಲು ಮುಚ್ಚಿದರೆ ಸುಮಾರು 14.5 ಡಿಗ್ರಿ. ಅರ್ಧ ಮುಚ್ಚಿದರೆ 30. ಕಾಲು ಭಾಗ ಮುಚ್ಚಿದರೆ ಸುಮಾರು 48.6. ಇವುಗಳಲ್ಲಿ ಹಾಫ್ ಬಾಲ್ ನಮಗೆ ದಕ್ಕಿದ ವರ. ಅಲ್ಲಿ ಕ್ಯೂ ಕೋಲು ಸರಿಯಾಗಿ ಬಣ್ಣದ ಚೆಂಡಿನ ಹೊರ ಅಂಚನ್ನು ನೋಡುತ್ತಿರುತ್ತದೆ. ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣುವ ವಸ್ತು, ಊಹಿಸಬೇಕಾದ್ದೇನೂ ಇಲ್ಲ. ಆದ್ದರಿಂದ ಮೇಷ್ಟ್ರು ನೇರ ಹೊಡೆತ ಆದಮೇಲೆ ಕೊಟ್ಟದ್ದು ಹಾಫ್ ಬಾಲನ್ನೇ. ಒಂದು ಕೋನ ಮೈಗೆ ಗಟ್ಟಿಯಾಗಿ ಕೂತುಬಿಟ್ಟರೆ ಉಳಿದವನ್ನು ಅದರಿಂದ ಅಳೆಯಬಹುದು: ಇದು ಅದಕ್ಕಿಂತ ಸ್ವಲ್ಪ ದಪ್ಪ, ಇದು ಅದಕ್ಕಿಂತ ತೆಳು.

ಬ್ಯಾಂಕಿನಲ್ಲಿ ಕೆಲಸ ಮಾಡುವವಳಾದ್ದರಿಂದ ಇರಬೇಕು, ತಪ್ಪಿಗೆ ಎಷ್ಟು ಅವಕಾಶವಿದೆ ಎಂಬ ಲೆಕ್ಕ ನನಗೆ ಬೇಕೆನಿಸಿತು. ಒಂಬತ್ತು ಅಡಿಯ ಟೇಬಲ್ಲಿನಲ್ಲಿ ಆಡುವ ಜಾಗ 254 ಸೆಂಟಿಮೀಟರ್ ಉದ್ದ, 127 ಸೆಂಟಿಮೀಟರ್ ಅಗಲ. ಮೂಲೆಯ ಪಾಕೆಟ್ಟಿನ ಬಾಯಿ ಸುಮಾರು ಹನ್ನೊಂದೂವರೆ ಸೆಂಟಿಮೀಟರ್, ಅಂದರೆ ಎರಡು ಚೆಂಡಿನ ಅಗಲ. ಚೆಂಡು ನಟ್ಟನಡುವೆ ಹೋಗಬೇಕಿಲ್ಲ. ಆಚೆಗೆ ಮೂರು, ಈಚೆಗೆ ಮೂರು ಸೆಂಟಿಮೀಟರ್ ಸರಿದರೂ ಬೀಳುತ್ತದೆ. ಕೇಳಲು ಧಾರಾಳ ಎನಿಸುತ್ತದೆ. ಆದರೆ ಪಾಕೆಟ್ಟಿನಿಂದ ಒಂದು ಮೀಟರ್ ದೂರದ ಚೆಂಡಿಗೆ ಇದು ಒಂದೂಮುಕ್ಕಾಲು ಡಿಗ್ರಿಯಷ್ಟೂ ಅಲ್ಲ. ಆ ಡಿಗ್ರಿಯನ್ನು ಪೆಟ್ಟು ತಾಗುವ ಜಾಗಕ್ಕೆ ಇಳಿಸಿದರೆ, ನೇರ ಹೊಡೆತದಲ್ಲಿ ಬಿಳಿ ಚೆಂಡು ತನ್ನ ಗೆರೆಯಿಂದ ಆಚೀಚೆ ಸರಿಯಬಹುದಾದದ್ದು ಸುಮಾರು ಒಂದೂಮುಕ್ಕಾಲು ಮಿಲಿಮೀಟರ್. ಅರವತ್ತು ಡಿಗ್ರಿಯ ತೆಳು ಹೊಡೆತವಾದರೆ ಅದರ ಅರ್ಧ, ಒಂದು ಮಿಲಿಮೀಟರಿಗೂ ಕಡಿಮೆ. ಬಿಳಿ ಚೆಂಡು ಕೂಡ ಬಣ್ಣದ ಚೆಂಡಿನಿಂದ ಒಂದು ಮೀಟರ್ ದೂರ ಇದ್ದರೆ, ನೇರ ಹೊಡೆತದಲ್ಲೂ ಕ್ಯೂ ಹೊರಡುವ ದಿಕ್ಕಿನಲ್ಲಿ ನಮಗೆ ಸಿಗುವ ಸಡಿಲ ಒಂದು ಡಿಗ್ರಿಯ ಹತ್ತನೇ ಒಂದು ಭಾಗ.

ಈ ಅಂಕಿ ನನ್ನನ್ನು ಹೆದರಿಸಲಿಲ್ಲ, ಬೆರಗಾಗಿಸಿತು. ಡಿಗ್ರಿಯ ಹತ್ತನೇ ಒಂದು ಭಾಗವನ್ನು ಯಾರೂ ಕಣ್ಣಳತೆಯಲ್ಲಿ ಅಳೆಯಲಾರರು. ಆದರೂ ಕಾಲೇಜು ಹುಡುಗರು ಮಾತಾಡುತ್ತಾ ಆಡುತ್ತಾ ಅಂಥ ಹೊಡೆತಗಳನ್ನು ಹಾಕುತ್ತಾರೆ. ಮನುಷ್ಯನ ಮೈಗೆ ಅದರ ಒಡೆಯನಿಗೂ ತಿಳಿಯದ ಸೂಕ್ಷ್ಮವಿದೆ. ಆ ಸೂಕ್ಷ್ಮ ಕೆಲಸ ಮಾಡಲು ಬೇಕಾದ ಏರ್ಪಾಡನ್ನು ಮಾಡಿಕೊಡುವುದಷ್ಟೇ ನಾವು ಕಲಿಯಬೇಕಾದ್ದು. ಏರ್ಪಾಡು ಶುರುವಾಗುವುದು ಪಾದದಲ್ಲಿ.

ಮೇಷ್ಟ್ರು ಪಾದದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಿಳಿ ಚೆಂಡಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಇಲ್ಲದ ಚೆಂಡನ್ನು ಕಂಡು, ಅಲ್ಲಿಂದ ತನ್ನವರೆಗಿನ ಗೆರೆಯನ್ನು ನೆಲದ ಮೇಲೂ ಎಳೆದುಕೊಳ್ಳಬೇಕು. ಬಲಗೈ ಆಟಗಾರರಾದರೆ ಬಲಪಾದ ಆ ಗೆರೆಯ ಮೇಲೆ. ಎಡಪಾದ ಸ್ವಲ್ಪ ಮುಂದೆ, ಪಕ್ಕಕ್ಕೆ. ಗೆರೆಯನ್ನು ಬಿಡದೆ ಅದರೊಳಕ್ಕೇ ಬಗ್ಗಬೇಕು. ಮುಖ, ಭುಜ, ಮೊಣಕೈ, ಕ್ಯೂ ಎಲ್ಲವೂ ಒಂದೇ ಸಮತಲಕ್ಕೆ ಬರುತ್ತವೆ. ಎಡಗೈ ಬಟ್ಟೆಯ ಮೇಲೆ ಊರಿ, ಬೆರಳು ಹರಡಿ, ಹೆಬ್ಬೆರಳು ಎತ್ತಿ ಮಾಡಿದ ಬ್ರಿಡ್ಜ್ ಮೇಲೆ ಕೋಲು ಜಾರುತ್ತದೆ. ಹಿಂದಿನ ಕೈಯಲ್ಲಿ ಮೊಣಕೈಯಿಂದ ಕೆಳಗಿನ ಭಾಗ ಮಾತ್ರ ತೂಗುತ್ತದೆ. ಹಿಡಿತ ಬಿಗಿಯಾದರೆ ಮಣಿಕಟ್ಟು ತಿರುಗುತ್ತದೆ, ಮಣಿಕಟ್ಟು ತಿರುಗಿದರೆ ಹತ್ತನೇ ಒಂದು ಡಿಗ್ರಿ ಅಲ್ಲೇ ಹೋಯಿತು.

ಬಗ್ಗಿದ ಮೇಲೆ ಗುರಿ ಸ್ವಲ್ಪ ಆಚೆ ಇದೆ ಎಂದು ಅನ್ನಿಸುವುದುಂಟು. ಆಗ ಸೊಂಟ ಹೊರಳಿಸಿಯೋ ಮೊಣಕೈ ಸರಿಸಿಯೋ ಕೋಲಿನ ತುದಿಯನ್ನು ತಿದ್ದುವ ಆಸೆಯಾಗುತ್ತದೆ. ಮೇಷ್ಟ್ರು ಅದನ್ನು ಒಪ್ಪುತ್ತಲೇ ಇರಲಿಲ್ಲ.

"ಎದ್ದೇಳಿ ಅಮ್ಮ. ನಿಂತ್ಕೊಂಡು ನೋಡಿ, ಮತ್ತೆ ಬಗ್ಗಿ. ಬಗ್ಗಿದ ಮೇಲೆ ನೋಡೋಕೆ ಏನಿಲ್ಲ."

ಅವರು ಹೇಳಿದ್ದರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಮಾತು ಇದು. ನಿಂತಾಗ ಟೇಬಲ್ ಪೂರ್ತಿ ಕಾಣುತ್ತದೆ. ಚೆಂಡು, ಪಾಕೆಟ್, ನಡುವಿನ ದಾರಿ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬಗ್ಗಿದಾಗ ನೋಟ ಕೋಲಿನ ಮಟ್ಟಕ್ಕೆ ಇಳಿದು, ಪಾಕೆಟ್ ಎಷ್ಟೋ ಸಲ ಕಣ್ಣಿನ ಅಂಚಿಗೂ ಸಿಗುವುದಿಲ್ಲ. ಹೆಚ್ಚು ಕಂಡಾಗ ಮಾಡಿದ ತೀರ್ಮಾನವನ್ನು ಕಡಿಮೆ ಕಾಣುವಾಗ ಬದಲಿಸುವುದು ನ್ಯಾಯವಲ್ಲ. ಅನುಮಾನ ಬಂದರೆ ಎದ್ದು ನಿಲ್ಲಬೇಕು, ಮತ್ತೆ ಎಲ್ಲವನ್ನೂ ನೋಡಬೇಕು. ಎದ್ದು ನಿಲ್ಲುವುದಕ್ಕೆ ಈ ಆಟದಲ್ಲಿ ದಂಡವಿಲ್ಲ. ಬಗ್ಗಿದ ಮೇಲೆ ಬೇಕಾದದ್ದು ನಿಂತಾಗ ಕಂಡದ್ದರ ಮೇಲಿನ ನಂಬಿಕೆ, ಅದನ್ನು ಕೈ ಕೆಡಿಸದಿರುವ ಶಾಂತಿ.

ಕಣ್ಣಿನ ವಿಷಯ ಪ್ರತಿಯೊಬ್ಬರಿಗೂ ಬೇರೆ. ನಮ್ಮ ಎರಡು ಕಣ್ಣಿನಲ್ಲಿ ಒಂದು ಮುಂದಾಳು. ತೋರುಬೆರಳನ್ನು ದೂರದ ಒಂದು ವಸ್ತುವಿಗೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಯಾವ ಕಣ್ಣು ತೆರೆದಾಗ ಬೆರಳು ಸರಿಯುವುದಿಲ್ಲವೋ ಅದು ಮುಂದಾಳು ಕಣ್ಣು. ಕೆಲವರಿಗೆ ಕ್ಯೂ ಗದ್ದದ ನಡುವೆ ಬಂದರೆ ಗೆರೆ ನೇರ ಕಾಣುತ್ತದೆ, ಕೆಲವರಿಗೆ ಒಂದು ಪಕ್ಕಕ್ಕೆ ಬಂದರೆ. ಸ್ನೂಕರ್ ಇತಿಹಾಸದ ಮೊದಲ ದೊಡ್ಡ ಚಾಂಪಿಯನ್ ಜೋ ಡೇವಿಸ್‌ಗೆ ಬಲಗಣ್ಣು ದುರ್ಬಲವಾಗಿತ್ತು. ಅವರು ಎಡಗಣ್ಣಿನ ಕೆಳಗೇ ಕ್ಯೂ ಹಾಯಿಸಿ ಆಡಿದರು. 1927ರಲ್ಲಿ ಶುರುವಾದ ವಿಶ್ವ ಚಾಂಪಿಯನ್‌ಷಿಪ್ಪನ್ನು ಮೊದಲಿನಿಂದ 1946ರವರೆಗೆ, ನಡೆದ ಹದಿನೈದು ಸಲವೂ ಅವರೇ ಗೆದ್ದರು. ಪುಸ್ತಕದ ಭಂಗಿಗೆ ತನ್ನನ್ನು ಬಗ್ಗಿಸದೆ ತನ್ನ ಕಣ್ಣಿಗೆ ಸರಿಯಾದ ಭಂಗಿಯನ್ನು ಹುಡುಕಿಕೊಂಡವರು ಅವರು.

ಕೊನೆಯ ಗಳಿಗೆಯಲ್ಲಿ ಕಣ್ಣು ಎಲ್ಲಿರಬೇಕು? ಕೋಲು ಹಿಂದೆ ಮುಂದೆ ತೂಗುವಾಗ ನೋಟ ಬಿಳಿ ಚೆಂಡಿಗೂ ಬಣ್ಣದ ಚೆಂಡಿಗೂ ಹೋಗಿ ಬರುತ್ತದೆ. ಹೊಡೆಯುವ ಮುನ್ನ ಅದು ಒಂದು ಕಡೆ ನೆಲೆ ನಿಲ್ಲಬೇಕು. ಕೆನಡಾದ ಜೋನ್ ವಿಕರ್ಸ್ ಎಂಬ ಸಂಶೋಧಕಿ ಆಟಗಾರರ ನೋಟವನ್ನು ಅಳೆದು, ಚಲನೆ ಶುರುವಾಗುವ ಮೊದಲಿನ ಆ ಕೊನೆಯ ನೆಲೆಗೆ ಕ್ವಯಟ್ ಐ ಎಂದು ಹೆಸರಿಟ್ಟರು. ಮುಂದೆ ಬೇರೆ ಸಂಶೋಧಕರು ಬಿಲಿಯರ್ಡ್ಸ್ ಆಟಗಾರರನ್ನು ಹಾಗೇ ಪರೀಕ್ಷಿಸಿದರು. ಪಳಗಿದವರ ನೋಟ ಹೆಚ್ಚು ಹೊತ್ತು ನಿಲ್ಲುತ್ತದೆ; ತಪ್ಪಿದ ಹೊಡೆತಕ್ಕಿಂತ ಬಿದ್ದ ಹೊಡೆತದಲ್ಲಿ ಹೆಚ್ಚು ಹೊತ್ತು ನಿಂತಿರುತ್ತದೆ. ಮೇಷ್ಟ್ರಿಗೆ ಈ ಸಂಶೋಧನೆ ಗೊತ್ತಿರಲಿಲ್ಲ. ಕೋಲು ಪೂರ್ತಿ ಹಿಂದಕ್ಕೆ ಹೋದಾಗ "ಸ್ವಲ್ಪ ನಿಲ್ಲಿ" ಎನ್ನುತ್ತಿದ್ದರು. ಆ ಒಂದು ನಿಲುಗಡೆಯಲ್ಲಿ ಕಣ್ಣು ತನ್ನ ಕೆಲಸ ಮುಗಿಸುತ್ತದೆ.

ಇಷ್ಟು ಕಲಿತ ಮೇಲೆ ಚೆಂಡುಗಳ ನಡುವಿನ ಉಜ್ಜಾಟದ ಪರಿಚಯವಾಗುತ್ತದೆ. ಲೆಕ್ಕದ ಪ್ರಕಾರ ಸರಿಯಾದ ಜಾಗಕ್ಕೇ ಬಿಳಿ ಚೆಂಡನ್ನು ಕಳಿಸಿದರೂ, ನಿಧಾನವಾಗಿ ಹೊಡೆದ ಹಾಫ್ ಬಾಲ್ ಹೊಡೆತ ದಪ್ಪ ಬೀಳುತ್ತದೆ. ಬಿಳಿ ಚೆಂಡು ಬಣ್ಣದ ಚೆಂಡಿನ ಪಕ್ಕೆಯನ್ನು ಉಜ್ಜಿಕೊಂಡು ಹೋಗುವಾಗ ಅದನ್ನು ತಾನು ಹೋಗುವ ಕಡೆಗೆ ಸ್ವಲ್ಪ ಎಳೆಯುತ್ತದೆ. ಇದಕ್ಕೆ ಥ್ರೋ ಎನ್ನುತ್ತಾರೆ. ಮೆಲ್ಲಗೆ ಹೊಡೆದಷ್ಟೂ ಇದು ಹೆಚ್ಚು, ಜೋರಾಗಿ ಹೊಡೆದರೆ ಕಡಿಮೆ. ಚೆಂಡು ಕೊಳೆಯಾಗಿದ್ದರೆ, ತಾಗುವ ಜಾಗದಲ್ಲಿ ಕ್ಯೂ ತುದಿಗೆ ಹಚ್ಚುವ ಚಾಕ್ ಪುಡಿ ಕೂತಿದ್ದರೆ ಇನ್ನೂ ಹೆಚ್ಚು. ಮೇಷ್ಟ್ರು ಬೆಳಿಗ್ಗೆ ಹಾಲ್ ತೆರೆದೊಡನೆ ಪ್ರತಿಯೊಂದು ಚೆಂಡನ್ನೂ ಬಟ್ಟೆಯಲ್ಲಿ ತಿಕ್ಕಿ ಒರೆಸುತ್ತಿದ್ದುದರ ಅರ್ಥ ನನಗೆ ಆಗ ಹೊಳೆಯಿತು. ಚೆಂಡಿನ ಸ್ವಚ್ಛತೆಯೂ ಗುರಿಯ ಭಾಗ.

ಬಿಳಿ ಚೆಂಡಿನ ಎಡಕ್ಕೋ ಬಲಕ್ಕೋ ಹೊಡೆದು ಸೈಡ್ ಕೊಟ್ಟರೆ ಇನ್ನೊಂದು ವಿಚಿತ್ರ. ಬಲಕ್ಕೆ ಹೊಡೆದ ಚೆಂಡು ಗೆರೆ ಬಿಟ್ಟು ಸ್ವಲ್ಪ ಎಡಕ್ಕೆ ಹೊರಡುತ್ತದೆ, ಎಡಕ್ಕೆ ಹೊಡೆದರೆ ಬಲಕ್ಕೆ. ಸೈಡ್ ಹೊಡೆಯಲು ಸಾಧ್ಯವಾದದ್ದೇ ಕ್ಯೂ ತುದಿಗೆ ಚರ್ಮ ಬಂದ ಮೇಲೆ. ಆ ಹೆಗ್ಗಳಿಕೆ ಹತ್ತೊಂಬತ್ತನೇ ಶತಮಾನದ ಆರಂಭದ ಫ್ರೆಂಚ್ ಆಟಗಾರ ಫ್ರಾಂಸ್ವಾ ಮಿಂಗೋಗೆ ಸಲ್ಲುತ್ತದೆ. 1835ರಲ್ಲಿ ಫ್ರಾನ್ಸಿನ ಗಣಿತಜ್ಞ ಕೊರಿಯೋಲಿಸ್ ಬಿಲಿಯರ್ಡ್ಸ್ ಚೆಂಡುಗಳ ಚಲನೆಯ ಮೇಲೆ ಇಡೀ ಪುಸ್ತಕ ಬರೆದರು. ನಮ್ಮ ಮುಂಗಾರು ಮಾರುತ ಭೂಮಿಯ ತಿರುಗಾಟಕ್ಕೆ ಬಾಗಿ ಬರುತ್ತದೆ ಎಂದು ಭೂಗೋಳದ ತರಗತಿಯಲ್ಲಿ ಓದುತ್ತೇವಲ್ಲ, ಆ ಕೊರಿಯೋಲಿಸ್ ಇವರೇ. ಅವರ ಹೆಸರು ಹೊತ್ತ ಆ ಬಲದ ಕುರಿತ ಲೇಖನವೂ ಅದೇ ವರ್ಷದ್ದು. ಸೈಡ್ ಬಗ್ಗೆ ಮೇಷ್ಟ್ರ ನಿಯಮ ಸರಳ: ಕಲಿಯುವ ಕಾಲದಲ್ಲಿ ಬಿಳಿ ಚೆಂಡಿನ ನಡುಗೆರೆ ಬಿಟ್ಟು ಆಚೀಚೆ ಹೋಗಕೂಡದು. ಮೇಲೆ ಹೊಡೆಯಿರಿ, ಕೆಳಗೆ ಹೊಡೆಯಿರಿ, ನಡುವೆ ಹೊಡೆಯಿರಿ. ಗುರಿ ನಿಲ್ಲುವವರೆಗೆ ಅಷ್ಟೇ ಸಾಕು.

ನಡುಗೆರೆಯಲ್ಲೇ ಕಲಿಯುವುದು ಬೇಕಾದಷ್ಟಿದೆ. ಉರುಳದೆ ಜಾರಿಕೊಂಡು ಬಂದು ತಾಗಿದ ಬಿಳಿ ಚೆಂಡು, ಬಣ್ಣದ ಚೆಂಡು ಹೋದ ದಾರಿಗೆ 90 ಡಿಗ್ರಿಯಲ್ಲಿ ಹೊರಡುತ್ತದೆ. ಸಹಜವಾಗಿ ಉರುಳಿಕೊಂಡು ಬಂದ ಚೆಂಡು, ಮುಕ್ಕಾಲಿನಿಂದ ಕಾಲಿನವರೆಗಿನ ಹೊಡೆತಗಳಲ್ಲಿ, ತನ್ನ ಹಳೆಯ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಈ ಎರಡನ್ನು ತಿಳಿದರೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಹೊಡೆಯುವ ಮೊದಲೇ ಹೇಳಬಹುದು. ಅದನ್ನು ಮುಂದಿನ ಹೊಡೆತ ಹತ್ತಿರದ್ದೂ ನೇರವೂ ಆಗುವ ಜಾಗಕ್ಕೆ ತಂದು ನಿಲ್ಲಿಸಿಕೊಂಡರೆ, ಹತ್ತನೇ ಒಂದು ಡಿಗ್ರಿಯ ಪರೀಕ್ಷೆಯೇ ಬರುವುದಿಲ್ಲ. ದೊಡ್ಡ ಆಟಗಾರರ ಆಟ ಸುಲಭವಾಗಿ ಕಾಣುವುದು ಇದರಿಂದ. ಅವರು ಕಷ್ಟದ ಹೊಡೆತವನ್ನು ಸಾಧ್ಯವಾದಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಚೆಂಡು ತಪ್ಪಿದಾಗ ಮೇಷ್ಟ್ರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಥಿಕ್ಕಾ, ಥಿನ್ನಾ?" ಪಾಕೆಟ್ಟಿನ ಯಾವ ಪಕ್ಕಕ್ಕೆ ತಪ್ಪಿತು ಎಂದು ನೋಡಿ, ಪೆಟ್ಟು ದಪ್ಪ ಬಿತ್ತೋ ತೆಳು ಬಿತ್ತೋ ಉತ್ತರ ಹೇಳಬೇಕು. ಚಿಕ್ಕ ಪ್ರಶ್ನೆ, ಆದರೆ ಅದರ ಮುಂದೆ ಬೇಸರಕ್ಕೆ ಜಾಗವಿಲ್ಲ. ತಪ್ಪಿದ ಚೆಂಡು ದಿಕ್ಕನ್ನೂ ಅಳತೆಯನ್ನೂ ಹೇಳಿಯೇ ಹೋಗಿರುತ್ತದೆ. ಅದನ್ನು ಓದಿಕೊಳ್ಳುವವರೆಗೆ ಆ ಹೊಡೆತ ಮುಗಿದಂತಲ್ಲ. ಎರಡು ಮೂರು ಸಲ ಥಿಕ್ ಆದರೆ ಇಲ್ಲದ ಚೆಂಡನ್ನು ಸರಿಯಾದ ಜಾಗದಲ್ಲಿ ಕಾಣುತ್ತಿಲ್ಲ ಎಂದರ್ಥ. ಒಮ್ಮೆ ಥಿಕ್, ಒಮ್ಮೆ ಥಿನ್ ಆದರೆ ನೋಟ ಸರಿಯಿದೆ, ಕೈ ಅಲುಗಾಡುತ್ತಿದೆ. ಮೊದಲನೆಯದಕ್ಕೆ ಮದ್ದು ಕಾಗದದ ವೃತ್ತ. ಎರಡನೆಯದಕ್ಕೆ ಬಿಳಿ ಚೆಂಡನ್ನು ಟೇಬಲ್ಲಿನ ಉದ್ದಕ್ಕೆ ಹೊಡೆದು ಅದು ಎದುರಿನ ಕುಶನ್ನಿಗೆ ಬಡಿದು ಕೋಲಿನ ತುದಿಗೇ ಮರಳುವಂತೆ ಮಾಡುವ ಅಭ್ಯಾಸ.

ಈ ಆಟದ ಕುಟುಂಬಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. ಪೂಲ್‌ನ ಸೋದರ ಸಂಬಂಧಿಯಾದ ಸ್ನೂಕರ್ 1875ರಲ್ಲಿ ಜಬಲ್ಪುರದ ಸೈನ್ಯದ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿಯ ಕೈಯಲ್ಲಿ ಹುಟ್ಟಿತು. ಅದರ ನಿಯಮಗಳು ಒಂದು ರೂಪಕ್ಕೆ ಬಂದದ್ದು ಬಂಡೀಪುರ ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದ ವಿಲ್ಸನ್ ಜೋನ್ಸ್ ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಕ್ರೀಡೆಯಲ್ಲಿ ಮೊದಲ ವಿಶ್ವ ಪ್ರಶಸ್ತಿ ತಂದರು. ಬೆಂಗಳೂರಿನಲ್ಲಿ ಅಣ್ಣ ಆಡುವುದನ್ನು ನೋಡುತ್ತಾ ಹತ್ತನೇ ವಯಸ್ಸಿಗೆ ಕ್ಯೂ ಹಿಡಿದ ಪಂಕಜ್ ಅಡ್ವಾಣಿ, ಮಾಜಿ ಚಾಂಪಿಯನ್ ಅರವಿಂದ ಸವೂರ್ ಅವರ ಕೈಕೆಳಗೆ ಪಳಗಿ, 2003ರಲ್ಲಿ ಚೀನಾದಲ್ಲಿ ಹದಿನೆಂಟನೇ ವಯಸ್ಸಿಗೇ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2024ರಲ್ಲಿ ದೋಹಾದಲ್ಲಿ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28 ಆಯಿತು. ವಸಂತನಗರದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಹೆಸರು ಜಗತ್ತಿನ ಆಟಗಾರರಿಗೆ ಗೊತ್ತು.

ನನಗೆ ಇವರೆಲ್ಲರಷ್ಟೇ ಆಪ್ತರಾದವರು ಇನ್ನಿಬ್ಬರು. ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಎರಡು ಸಲ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದವರು. ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದ ಆರ್. ಉಮಾದೇವಿ, ಕೆಲಸಕ್ಕೆ ಸೇರಿದ ಮೇಲೆ ಈ ಆಟಕ್ಕೆ ಬಂದು 2012ರಲ್ಲಿ ಅದೇ ಪ್ರಶಸ್ತಿ ಗೆದ್ದರು. ದಿನವಿಡೀ ಕಚೇರಿಯಲ್ಲಿ ಕೂತು, ಸಂಜೆ ಟೇಬಲ್ಲಿನ ಮುಂದೆ ನಿಂತು, ಜಗತ್ತಿನ ಮೊದಲ ಸ್ಥಾನಕ್ಕೆ ತಲುಪಿದ ಅವರ ದಾರಿ ನೌಕರಿ ಮಾಡುವ ಪ್ರತಿಯೊಬ್ಬ ಹೆಣ್ಣಿಗೂ ತಿಳಿದಿರಬೇಕು.

ಆದರೆ ನಮ್ಮ ಊರುಗಳಲ್ಲಿ ಪೂಲ್ ಹಾಲ್ ಎಂದರೆ ಇವತ್ತಿಗೂ ಕಾಲೇಜಿಗೆ ಚಕ್ಕರ್ ಹಾಕಿದ ಹುಡುಗರ ಅಡ್ಡೆ ಎಂಬ ಮಾತಿದೆ. ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಜಿಲ್ಲಾ ಕೇಂದ್ರಗಳ ಕ್ಲಬ್ಬುಗಳಲ್ಲಿ ಹಳೆಯ ಟೇಬಲ್ಲುಗಳಿವೆ, ಅವು ಸದಸ್ಯರಿಗೆ ಮಾತ್ರ. ಈ ಹಿಂಜರಿಕೆ ಹೋಗಬೇಕೆಂಬುದು ನನ್ನ ಆಸೆ. ಎತ್ತರ, ತೋಳ್ಬಲ, ಓಟದ ವೇಗ ಯಾವುದನ್ನೂ ಕೇಳದ ಆಟ ಇದು. ಅಜ್ಜನೂ ಮೊಮ್ಮಗಳೂ ಸಮಸಮವಾಗಿ ಆಡಬಹುದು. ಒಂದು ತಾಲ್ಲೂಕು ಕ್ರೀಡಾಂಗಣದ ಮೂಲೆಯಲ್ಲಿ ಒಂದು ಟೇಬಲ್, ಚೆಂಡು ಒರೆಸಿಟ್ಟು ಪಕ್ಕದಲ್ಲಿ ನಿಂತು ನೋಡಬಲ್ಲ ಒಬ್ಬ ಮಾರ್ಕರ್ ಇದ್ದರೆ, ರೇಖಾಗಣಿತ ಎಂದರೆ ಹೆದರುವ ಮಕ್ಕಳು 30 ಡಿಗ್ರಿ ಎಂದರೇನು ಎಂದು ಕೈಯಾರೆ ತಿಳಿಯುತ್ತಾರೆ. ಅದಕ್ಕಿಂತ ದೊಡ್ಡದೊಂದನ್ನೂ ಕಲಿಯುತ್ತಾರೆ. ಪೂರ್ತಿ ಕಾಣುವಷ್ಟು ಹಿಂದೆ ನಿಂತು ತೀರ್ಮಾನ ಮಾಡುವುದು, ಅನುಮಾನ ಬಂದರೆ ಸಂಕೋಚವಿಲ್ಲದೆ ಎದ್ದು ನಿಂತು ಮತ್ತೆ ನೋಡುವುದು, ನೋಡಿ ಬಗ್ಗಿದ ಮೇಲೆ ಕೈ ಅಲುಗದಿರುವುದು. ಹದಿಹರೆಯದಲ್ಲಿ ಇದನ್ನು ಕಲಿಯುವ ಅವಕಾಶ ನನ್ನ ತಲೆಮಾರಿನ ಹುಡುಗಿಯರಿಗೆ ಇರಲಿಲ್ಲ. ಈಗಿನವರಿಗೆ ಸಿಗಲಿ ಎಂದು ನಮ್ಮ ಬಡಾವಣೆಯ ಹುಡುಗಿಯರನ್ನು ಭಾನುವಾರ ಬೆಳಿಗ್ಗೆ ಹಾಲ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ಕೈಗೂ ಮೊದಲು ಕ್ಯೂ ಕೊಡುವುದಿಲ್ಲ. ಟೇಬಲ್ ಸುತ್ತ ನಡೆಯಲು ಹೇಳುತ್ತೇನೆ.